ಕರಟದ ಚಕ್ರ ಮತ್ತು ಮುಳುಗಡೆಯ ಪ್ರಶ್ನೆ

10 ಆಗಸ್ಟ್ 2024, ಶನಿವಾರ
ಸಾಗರ ತಾಲ್ಲೂಕು

ಎಂಟನೇ ತರಗತಿಯವರು ಕಟ್ಟಿದ ನೀರಿನ ಚಕ್ರಗಳು ಇವತ್ತು ತಿರುಗಿದವು. ಶಾಲೆಯ ಹಿಂದಿನ ಗುಡ್ಡದಲ್ಲಿ ಈಗ ಅಬ್ಬಿ ನೀರು ಧಾರಾಳ. ಪೈಪು ಹಾಕಿ ಅಂಗಳಕ್ಕೆ ತಂದೆವು.

ಒಂದು ಗುಂಪು ಹಳೇ ಸೈಕಲ್ ರಿಮ್ಮಿಗೆ ಅಡಿಕೆ ಹಾಳೆಯ ತುಂಡು ಕಟ್ಟಿತ್ತು, ಇನ್ನೊಂದು ತೆಂಗಿನ ಕರಟ. ಹಾಳೆಗೆ ಬಡಿದ ನೀರು ಅತ್ತಿತ್ತ ಚೆಲ್ಲಿಹೋಯಿತು, ಚಕ್ರ ನಿಧಾನಕ್ಕೆ ಉರುಳಿತು. ಕರಟದ್ದು ಮಾತ್ರ ಗಿರ್ರನೆ ತಿರುಗಿತು. ಕರಟದ ಒಳಮೈ ಸವರಿಕೊಂಡು ನೀರು ಬಂದ ಕಡೆಗೇ ಹೊರಳುತ್ತದೆ, ಅದಕ್ಕೇ ಆ ನೂಕು. ಅಮೆರಿಕದ ಲೆಸ್ಟರ್ ಪೆಲ್ಟನ್ 1880ರಲ್ಲಿ ಪೇಟೆಂಟ್ ಪಡೆದ ಚಕ್ರದ ಗುಟ್ಟೂ ಇದೇ. ಅವನು ಜೋಡಿ ಬಟ್ಟಲುಗಳ ನಡುವೆ ಒಂದು ಏಣು ಇಟ್ಟು ನೀರನ್ನು ಎರಡಾಗಿ ಸೀಳಿದ. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳಲ್ಲಿರುವುದು ಪೆಲ್ಟನ್ ಚಕ್ರವೇ ಎಂದಾಗ ಮಕ್ಕಳು ತಮ್ಮ ಕರಟಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದರು.

ರಿಮ್ಮಿನಿಂದ ಆಟಿಕೆ ಮೋಟಾರಿಗೆ ರಬ್ಬರ್ ಪಟ್ಟಿ ಹಾಕಿ ಎಲ್‌ಇಡಿ ಜೋಡಿಸಿದರೆ, ದೀಪ ಹತ್ತಲೊಲ್ಲದು. "ನೀರು ಜಾಸ್ತಿ ಬಿಡಿ ಸಾರ್" ಅಂತ ಗಲಾಟೆ. ನೀರು ಅಷ್ಟೇ ಇರಲಿ, ಪೈಪಿನ ಮೇಲ್ತುದಿಯನ್ನು ಇನ್ನಷ್ಟು ಎತ್ತರಕ್ಕೆ ಒಯ್ಯಿರಿ ಅಂದೆ. ನಾಲ್ವರು ಹುಡುಗರು ಗುಡ್ಡ ಹತ್ತಿದರು. ಕೆಂಪು ದೀಪ ಮಿಣುಕಿ, ಆಮೇಲೆ ನಿಂತು ಉರಿಯಿತು. ಆಗ ಬೋರ್ಡಿನ ಲೆಕ್ಕ ಹೇಳಿದೆ: ಸೆಕೆಂಡಿಗೆ ಒಂದು ಲೀಟರ್ ನೀರು ಒಂದು ಮೀಟರ್ ಬಿದ್ದರೆ ಹೆಚ್ಚೆಂದರೆ ಸುಮಾರು 10 ವಾಟ್. ಎತ್ತರ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟು. ಶರಾವತಿಯಲ್ಲಿ ನೀರು 400 ಮೀಟರಿಗೂ ಹೆಚ್ಚು ಇಳಿಯುತ್ತದೆ. ಅಲ್ಲಿನ ಸಾಮರ್ಥ್ಯ 1035 ಮೆಗಾವಾಟ್.

"ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಲ್ಲಿದೆ. ಅವರ ಮನೆಗೆ ಕರೆಂಟ್ ಯಾವಾಗ ಬಂತು ಸಾರ್?" ಎಂದಳು ಹಿಂದೆ ನಿಂತಿದ್ದ ಹುಡುಗಿ. ಶರಾವತಿ ವಿದ್ಯುದಾಗಾರಕ್ಕೆ ನೀರು ಕೊಡುವ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮನೆ, ಗದ್ದೆ, ತೋಟ ಬಿಟ್ಟು ಎದ್ದುಹೋದ ಎಷ್ಟೋ ಮುಳುಗಡೆ ಕುಟುಂಬಗಳು ಆಮೇಲೂ ಬಹುಕಾಲ ಚಿಮಣಿ ಬುಡ್ಡಿಯಲ್ಲೇ ಕಳೆದವು. ಜಲವಿದ್ಯುತ್ ಪಾಠದಲ್ಲಿ ಇದೂ ಬರಲೇಬೇಕು. ಮೆಗಾವಾಟ್ ಮಾತ್ರ ಹೇಳಿ ಮುಗಿಸಿದರೆ ಈ ತಾಲ್ಲೂಕಿನ ಮಕ್ಕಳಿಗೆ ಅರ್ಧ ಪಾಠ ಮಾಡಿದ ಹಾಗೆ. ಮುಂದಿನ ವಾರ ಅಜ್ಜನನ್ನೇ ತರಗತಿಗೆ ಕರೆತರಲು ಅವಳಿಗೆ ಹೇಳಿದ್ದೇನೆ. ಏನೇನು ಕೇಳಬೇಕೆಂದು ಮಕ್ಕಳು ಈಗಲೇ ಬರೆದುಕೊಳ್ಳುತ್ತಿದ್ದಾರೆ.