ಯಜಮಾನ್ರು ಎಲ್ಲವ್ವಾ?

“ನಿಮ್ ಯಜಮಾನ್ರು ಎಲ್ಲವ್ವಾ? ದುಡ್ಡುಕಾಸಿನ ವಿಚಾರ ಅವ್ರತ್ರನೇ ಮಾತಾಡ್ತೀನಿ ಬುಡು.”

ಗಂಡಿನ ಅಪ್ಪ ಹೀಗೆ ಕೇಳಿದಾಗ ನಾನು ಕಾರ್ಡ್‌ಲೆಸ್ ಮೈಕಿಗೆ ಹೊಸ ಸೆಲ್ ಹಾಕುತ್ತಿದ್ದೆ. ನಮ್ಮ ಯಜಮಾನರು ಓಮ್ನಿಯಿಂದ ಸ್ಪೀಕರ್ ಇಳಿಸುತ್ತಿದ್ದರು. ಹೋದ ಮಾಘದ ಒಂದು ಬುಧವಾರ, ಪಾಂಡವಪುರದ ಕಡೆಯ ಒಂದು ಊರು. ಮನೆ ಮುಂದಿನ ಬಯಲಿಗೆ ಶಾಮಿಯಾನ, ಹಿತ್ತಲಲ್ಲಿ ದೊಡ್ಡ ಒಲೆಗಳ ಮೇಲೆ ಮಟನ್ ಸಾರು. ಹತ್ತಿರದಲ್ಲೇ ಎಲ್ಲೋ ಆಲೆಮನೆ ಇತ್ತು ಅಂತ ಕಾಣುತ್ತೆ. ಗಾಳಿ ತಿರುಗಿದಾಗಲೆಲ್ಲ ಮಸಾಲೆ ಜೊತೆ ಬೆಲ್ಲದ ವಾಸನೆಯೂ ಬರುತ್ತಿತ್ತು. ಬೀಗರೂಟ ಅದು.

ದುಡ್ಡುಕಾಸಿನ ವಿಚಾರ ಮುಗಿದು ಹದಿನೈದು ದಿನ ಆಗಿತ್ತು. ಫೋನಿನಲ್ಲಿ ಅವರ ಜೊತೆ ಮಾತಾಡಿದ್ದೇ ನಾನು. ಸೌಂಡು, ಮೈಕು, ಆಂಕರ್ ಆಗಿ ನಾನು ಎಲ್ಲ ಸೇರಿ 12,000. ಅದರಲ್ಲಿ 2,000 ಮುಂಗಡ ನನ್ನ ಖಾತೆಗೇ ಬಂದಿತ್ತು. ಆದರೂ ಮೀಸೆ ಇರುವವರೊಬ್ಬರು ಕಣ್ಣೆದುರಿಗೇ ಓಡಾಡುತ್ತಿರುವಾಗ ಸೀರೆ ಉಟ್ಟವಳ ಹತ್ತಿರ ಲೆಕ್ಕ ಮಾತಾಡೋದು ಅವರಿಗೆ ಮುಜುಗರ. ಕೆಟ್ಟ ಮನುಷ್ಯರೇನಲ್ಲ. ಬಂದ ತಕ್ಷಣ ಮಜ್ಜಿಗೆ ಕೊಡಿಸಿದ್ದರು.

ತಪ್ಪು ಪದದ್ದೂ ಇದೆ ಅನ್ನಿ. ನಮ್ಮ ಕಡೆ ಯಜಮಾನ್ರು ಅಂದರೆ ಓನರೂ ಹೌದು, ಗಂಡನೂ ಹೌದು. ಒಂದೇ ಪದದಲ್ಲಿ ಎರಡು ಕೆಲಸ ಮುಗಿಯುತ್ತೆ. ಯಜಮಾನಿ ಅನ್ನೋ ಪದ ಇಲ್ಲ ಅಂತಲ್ಲ. ನಮ್ಮ ರೇಷನ್ ಕಾರ್ಡಿನಲ್ಲಿ ನಾನೇ ಯಜಮಾನಿ. 2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲಂತೂ ಆ ಪದಕ್ಕೆ ತಿಂಗಳಿಗೆ 2,000 ರೂಪಾಯಿ ಬೆಲೆಯೂ ಬಂತು. ಆದರೆ ಅದು ಮನೆಯ ಯಜಮಾನಿಕೆ. ಸ್ಪೀಕರ್ ಬಾಕ್ಸಿಗೂ ಒಬ್ಬಳು ಯಜಮಾನಿ ಇರಬಹುದು ಅಂತ ಯಾರಿಗೂ ಹೊಳೆಯಲ್ಲ.

ಈ ಕೆಲಸಕ್ಕೆ ನಾನು ಬಂದದ್ದು ಮೈಸೂರಿನ ಆರತಕ್ಷತೆಗಳಿಂದ. ಒಬ್ಬ ಈವೆಂಟ್‌ನವರ ಕೈಕೆಳಗೆ ಆಂಕರ್ ಆಗಿದ್ದೆ. ಒಂದು ಸಂಜೆಗೆ 1,500. ರೀಲ್ಸ್‌ನಲ್ಲಿ ನನ್ನ ಮುಖ, ಬ್ಯಾನರಿನಲ್ಲಿ ಅವರ ಹೆಸರು. ಯಾರಾದರೂ ನನ್ನ ನಂಬರ್ ಕೇಳಿದರೆ ಅವರ ಕಾರ್ಡ್ ಕೊಡಬೇಕು. ಮೂರು ವರ್ಷ ಕೊಟ್ಟೆ.

ಆರತಕ್ಷತೆಯಲ್ಲಿ ಆಂಕರ್‌ಗೆ ಸಿಗೋದು ಎಷ್ಟು ಹೊತ್ತು ಗೊತ್ತಾ? ಕಾರ್ಡಿನಲ್ಲಿ ಏಳು ಗಂಟೆ ಅಂತ ಇರುತ್ತೆ. ಹೆಣ್ಣು ಮೇಕಪ್ ಮುಗಿಸಿ ವೇದಿಕೆಗೆ ಬರುವಾಗ ಎಂಟು. ಆಮೇಲೆ ಫೋಟೋಗೆ ಸಾಲು. ಸಾಲು ಕರಗುವಾಗ ಒಂಬತ್ತೂವರೆ. ಲಾನ್‌ನಲ್ಲಿ ಫಂಕ್ಷನ್ ಆದರೆ ರಾತ್ರಿ 10ಕ್ಕೆ ಸ್ಪೀಕರ್ ಬಂದ್. ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವ ಹಾಗಿಲ್ಲ, 2000ನೇ ಇಸವಿಯಿಂದಲೂ ಕಾನೂನು ಇದೆ. ಅಂದರೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೂ ಜನ ನೋಡೋದು ಬಫೆ ಕಡೆಗೆ.

ಸ್ವಂತಕ್ಕೆ ಶುರು ಮಾಡಬೇಕು ಅಂದಾಗ ನನಗೆ ಹೊಳೆದದ್ದು ಬೀಗರೂಟ. ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ಮದುವೆ ಮುಗಿದ ಮೇಲೆ ಬೀಗರನ್ನು ಕರೆದು ಹಾಕುವ ಬಾಡೂಟ. ಹಗಲು ಹೊತ್ತು, ಹಾಗಾಗಿ ಹತ್ತು ಗಂಟೆಯ ಕಾಟವಿಲ್ಲ. ಧನುರ್ಮಾಸ ಕಳೆದು ಸಂಕ್ರಾಂತಿ ಆಗುತ್ತಿದ್ದ ಹಾಗೆ ಮದುವೆಗಳು ಶುರು, ಹಿಂದೆಯೇ ಬೀಗರೂಟಗಳೂ ಶುರು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಕಾಯುವ ಜನ ಇರುತ್ತಾರೆ. ಊಟಕ್ಕೆ ಕೂತವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಂತಿರುತ್ತಾರೆ ನೋಡಿ, ಅಲ್ಲೇ ನನ್ನ ಸ್ಟೇಜು. ನಮ್ಮ ಲೈನಿನ ಕೆಲವರು ನಕ್ಕರು. “ಬಾಡೂಟದಲ್ಲಿ ಯಾರಮ್ಮಾ ಆಂಕರ್ ಮಾತು ಕೇಳ್ತಾರೆ?” ನಿಜ, ವೇದಿಕೆ ಮೇಲೆ ನಿಂತು “ಒಂದು ಜೋರಾದ ಚಪ್ಪಾಳೆ” ಅಂದರೆ ಯಾರೂ ಕೇಳಲ್ಲ. ಕೈ ತುಂಬ ಮುದ್ದೆ ಇರುತ್ತಲ್ಲ. ಅದಕ್ಕೇ ನಾನು ಅವರ ಹತ್ತಿರ ಹೋಗಿ ಒಗಟು ಕೇಳುತ್ತೇನೆ.

ಆದರೆ ಹೆಸರಿನ ವಿಷಯದಲ್ಲಿ ಮಾತ್ರ ಎಡವಿದೆ. ಚಿಕ್ಕಮ್ಮನ ಮಗ ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಟ್ಟ. ಚಿನ್ನದ ಬಣ್ಣದ ಚಿಟ್ಟೆ, ಪಕ್ಕದಲ್ಲಿ ಸ್ಟೈಲಾದ ಇಂಗ್ಲಿಷ್ ಹೆಸರು. ನಾನೂ ಖುಷಿಯಿಂದ ಅದನ್ನೇ ಬ್ಯಾನರ್ ಮಾಡಿಸಿಕೊಂಡೆ.

ಆ ದಿನವೂ ಶಾಮಿಯಾನದ ಕಂಬಕ್ಕೆ ಚಿಟ್ಟೆ ಕಟ್ಟಿಯೇ ಕೆಲಸ ಶುರು ಮಾಡಿದೆ. ಹಸಿರು ಸೀರೆ, ಕಾಲಿಗೆ ಶೂ. ಐದು ಗಂಟೆ ಬಯಲಲ್ಲಿ ನಿಲ್ಲಬೇಕಾದರೆ ಶೂ ಬೇಕೇ ಬೇಕು, ಯಾರು ಏನಾದರೂ ಅಂದುಕೊಳ್ಳಲಿ.

“ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ. ಏನದು? ಉತ್ತರ ಎಲೆ ಮೇಲೇ ಇದೆ.”

ಒಬ್ಬ ಹುಡುಗ “ಫ್ರಿಡ್ಜು” ಅಂದ. ಎಲೆ ಮೇಲೆ ಫ್ರಿಡ್ಜ್ ಎಲ್ಲಿಂದ ಬರಬೇಕು? ಹಿಂದೆ ಕುರ್ಚಿ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಬೈದರು. “ಮೊಟ್ಟೆ ಕಣ್ಲಾ, ಪೆದ್ದೆ!”

ಬಹುಮಾನ ಒಂದು ಅಚ್ಚು ಬೆಲ್ಲ. ಕೊಡುವ ಮುಂಚೆ ಹೆಸರು ಕೇಳಿ ಮೈಕ್ ಹಿಡಿದೆ. ಅಜ್ಜಿ ದೊಡ್ಡ ಮಗನ ಹೆಸರು ಹೇಳಿ “ಅವನವ್ವ” ಅಂದರು. ಅದು ಮಗನ ಹೆಸರಾಯ್ತು ಅಜ್ಜಿ, ನಿಮ್ಮದು ಹೇಳಿ ಅಂದೆ. ಗಂಡನ ಮನೆತನದ ಹೆಸರು ಹೇಳಿ “ಆ ಮನೆಯೋಳು” ಅಂದರು. ಮೂರನೇ ಸಲ ಕೇಳಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮದುಮಗಳ ಹಾಗೆ ನಾಚಿಕೊಂಡು ಹೇಳಿದರು. ಎರಡು ಸ್ಪೀಕರ್‌ನಲ್ಲೂ ಅವರ ಹೆಸರು ಜೋರಾಗಿ ಹೊರಟಿತು. ಬಡಿಸುತ್ತಿದ್ದ ಮೊಮ್ಮಗ ಸಾರಿನ ಬಕೆಟ್ ಹಿಡಿದುಕೊಂಡೇ ನಿಂತ. “ನಮ್ಮಜ್ಜಿ ಹೆಸರು ಅದಾ?”

ಜನ ನಗುತ್ತಿರುವಾಗಲೇ ಅಜ್ಜಿ ನನ್ನ ಕೈ ಹಿಡಿದುಕೊಂಡರು.

“ನಿಂದೇನವ್ವಾ ಹೆಸ್ರು?”

ಅಭ್ಯಾಸ ನೋಡಿ, ಪೇಜಿನ ಇಂಗ್ಲಿಷ್ ಹೆಸರು ಬಾಯಿಗೆ ಬಂತು. ಅಜ್ಜಿ ಒಂದು ನಿಮಿಷ ನನ್ನ ಮುಖ ನೋಡಿದರು.

“ಅದು ನಿಮ್ಮವ್ವ ಇಕ್ಕಿದ್ ಹೆಸ್ರಾ?”

ಮೈಕ್ ಆನ್ ಇತ್ತು. ಅದೂ ಎರಡು ಸ್ಪೀಕರ್‌ನಲ್ಲಿ ಹೊರಟಿತು. ಆ ದಿನ ಎಲ್ಲಕ್ಕಿಂತ ಜಾಸ್ತಿ ನಗು ಬಿದ್ದದ್ದು ಅದಕ್ಕೇ. ನಾನೂ ನಕ್ಕೆ, ಆದರೆ ಒಳಗೆ ಏನೋ ಚುಚ್ಚಿತು.

ನಾಲ್ಕು ಗಂಟೆಗೆ ಕೊನೆ ಪಂಕ್ತಿ ಎದ್ದಿತು. ನಾನು ವೈರ್ ಸುತ್ತುತ್ತಿದ್ದೆ. ಗಂಡಿನ ಅಪ್ಪ ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ, ಜೇಬಿಗೆ ಕವರ್ ಇಟ್ಟರು. ಓಮ್ನಿಯಲ್ಲಿ ಬಿಚ್ಚಿ ನೋಡಿದರೆ 7,000.

“ಇನ್ನು ಮೂರು ಸಾವಿರ?”

“ಖರ್ಚು ಜಾಸ್ತಿ ಆಯ್ತಂತೆ. ಅಡ್ಜಸ್ಟ್ ಮಾಡ್ಕೊಳಿ ಯಜಮಾನ್ರೇ ಅಂದ್ರು. ಆಯ್ತು ಬಿಡಿ ಅಂದೆ.”

ನಮ್ಮೆಜಮಾನರದ್ದು ಎಲೆಕ್ಟ್ರಿಕ್ ಕೆಲಸ. ನನ್ನ ಫಂಕ್ಷನ್ ಇದ್ದ ದಿನ ಅವರ ಕೆಲಸ ಬಿಟ್ಟು ಬರುತ್ತಾರೆ. ಭಾರ ಹೊರುತ್ತಾರೆ, ಗಾಡಿ ಓಡಿಸುತ್ತಾರೆ. ಅದೆಲ್ಲ ಸರಿ. ಆದರೆ ವಿ.ಸಿ. ನಾಲೆ ಏರಿ ಮೇಲೆ ಗಾಡಿ ನಿಲ್ಲಿಸಿಸಿ ಚೆನ್ನಾಗಿ ಜಗಳ ಆಡಿದೆ. ನನ್ನ ಗಂಟಲಿನ ದುಡ್ಡು, ಬಿಡೋಕೆ ನೀವ್ಯಾರು ಅಂತ. ಅವರು ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತಿದ್ದು ಆಮೇಲೆ ಹೇಳಿದರು.

“ಅವರು ಯಜಮಾನ್ರೇ ಅಂದಾಗ ಅಲ್ಲ ಅನ್ನೋಕೆ ಒಂಥರಾ ಆಯ್ತು ಕಣೇ.”

ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರ ಮೇಲೆ ಎಷ್ಟು ಹೊತ್ತು ಕೂಗಾಡೋದು? ಮಂಡ್ಯ ಬರೋವರೆಗೂ ಇಬ್ಬರೂ ಮಾತಾಡಲಿಲ್ಲ. ವಾಪಸ್ ಹೋಗಿ ಆ ಮೂರು ಸಾವಿರ ಕೇಳಬೇಕಿತ್ತು. ಕೇಳಲಿಲ್ಲ. ಅದು ಈಗಲೂ ಬೇಜಾರು.

ಮಾರನೇ ದಿನವೇ ಪ್ರೆಸ್ಸಿಗೆ ಹೋಗಿ ಬಿಲ್ ಪುಸ್ತಕ ಮಾಡಿಸಲು ಕೊಟ್ಟೆ. ಮೇಲೆ ನನ್ನ ಹೆಸರು, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ. ಕೆಳಗೆ ‘ಬೀಗರೂಟದ ಒಗಟು’. ಚಿಟ್ಟೆ ಹಾರಿಹೋಯಿತು. ಸಣ್ಣ ಉದ್ದಿಮೆಯವರಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಕೊಂಡೆ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಆಗುತ್ತೆ, ಸೈಬರ್ ಸೆಂಟರಿನವರು ಐನೂರು ಕೇಳಿದರೆ ಕೊಡಬೇಡಿ. ಆ ಪತ್ರ ತೋರಿಸಿ ನನ್ನ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆದೆ. ಕ್ಯೂಆರ್ ಸ್ಟ್ಯಾಂಡ್ ಈಗ ಮಿಕ್ಸರ್ ಪಕ್ಕದಲ್ಲೇ ಇರುತ್ತೆ. ಜಿಎಸ್‌ಟಿ ತಂಟೆ ಇಲ್ಲ. ನಮ್ಮಂಥ ಸೇವೆಯವರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ಮಾತ್ರ ಅದು. ನನ್ನ ಲೆಕ್ಕ ಅದರ ಹತ್ತಿರಕ್ಕೂ ಹೋಗಲ್ಲ, ಖುಷಿಪಡಬೇಕೋ ಅಳಬೇಕೋ. ಟ್ರೇಡ್‌ಮಾರ್ಕ್ ಮಾಡಿಸು ಅಂತ ಪೇಜ್ ಮಾಡಿಕೊಟ್ಟ ತಮ್ಮ ಗಂಟು ಬಿದ್ದಿದ್ದಾನೆ. ಮನರಂಜನೆ ಬರೋದು 41ನೇ ವರ್ಗದಲ್ಲಿ, ನನ್ನಂಥ ಒಬ್ಬಂಟಿ ಅರ್ಜಿದಾರರಿಗೆ ಆನ್‌ಲೈನ್ ಶುಲ್ಕ 4,500. ಓಮ್ನಿಯ ಹಿಂದಿನ ಟೈರ್ ನೋಡಿದವರಿಗೆ ಗೊತ್ತಾಗುತ್ತೆ, ಮೊದಲು ಯಾವುದು ಅಂತ.

ಪೇಜಿನ ಹೆಸರು ಬದಲಾಯಿಸಿದ್ದಕ್ಕೆ ಅವನಿಗೆ ಸಿಟ್ಟು. “ತುಂಬಾ ಲೋಕಲ್ ಆಯ್ತು ಅಕ್ಕಾ” ಅಂದ. ಇನ್ನೂರು ಫಾಲೋವರ್ಸ್ ಹೋದರು. ಒಗಟಿನಕ್ಕ ಅಂತ ಕೇಳಿಕೊಂಡು ಫೋನ್ ಮಾಡುವವರು ಬಂದರು. ಹೆಚ್ಚಿನವರು ಹೆಂಗಸರು. ಅಡುಗೆ ಭಟ್ಟರ ಹತ್ತಿರ ನಂಬರ್ ಇಸಕೊಂಡೆ ಅನ್ನುತ್ತಾರೆ. ಅದಾದ ಮೇಲೆ ಭಟ್ಟರಿಗೂ ನನ್ನ ಹೆಸರಿನ ನಾಲ್ಕು ಕಾರ್ಡ್ ಕೊಟ್ಟಿಟ್ಟಿದ್ದೇನೆ.

ಮೊನ್ನೆ ಅದೇ ಗಂಡಿನ ಅಪ್ಪ ಫೋನ್ ಮಾಡಿದರು, ಯಜಮಾನರ ನಂಬರಿಗೆ. ಮೊಮ್ಮಗಳ ನಾಮಕರಣ ಅಂತೆ. ಇವರು “ಒಂದ್ನಿಮಿಷ ಸಾರ್, ಓನರ್‌ಗೆ ಕೊಡ್ತೀನಿ” ಅಂತ ಫೋನ್ ನನ್ನ ಕೈಗಿಟ್ಟು, ಟೆಸ್ಟರ್ ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟರು. ನಾನು 14,000 ಅಂದೆ.

“ಏನವ್ವಾ, ವಸಿ ನೋಡ್ಕೊಂಡ್ ಯೋಳು. ಅವತ್ತು ಮೂರು ಸಾವ್ರ ಬುಟ್ಟಿದ್ರಲ್ಲ?”

“ಅವತ್ತು ಬಿಟ್ಟಿದ್ದು ನಮ್ಮ ಡ್ರೈವರ್ ಸಾರ್” ಅಂದೆ. “ಬಿಲ್ ಯಾರ ಹೆಸರಿಗೆ ಬರೀಲಿ?”