ಮೊಟ್ಟೆ ಕಾಣಲಿಲ್ಲ ಅಂದರೆ ಹುಳು ಇಲ್ಲ ಅಂತಲ್ಲ

ನಾನು ಲ್ಯಾಬ್ ಟೆಕ್ನಿಷಿಯನ್. ಶಾಲೆ ಮಕ್ಕಳ ಜಂತುಹುಳು ಸಮೀಕ್ಷೆಗಳಲ್ಲಿ ಸ್ಲೈಡ್ ನೋಡುವ ಕೆಲಸ. ಮಲ ಪರೀಕ್ಷೆ ಅಂತ ಹೇಳಿದರೆ ಮದುವೆ ಮನೆಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ, ಬಿಡಿ.

ನಾವು ಮಾಡೋದು ಕಾಟೊ-ಕಾಟ್ಜ್ ವಿಧಾನ. ಮಲವನ್ನು ಜಾಲರಿಯಲ್ಲಿ ಸೋಸಿ, ತೂತಿರುವ ಪುಟ್ಟ ಪ್ಲಾಸ್ಟಿಕ್ ಅಚ್ಚಿಗೆ ತುಂಬುತ್ತೇವೆ. ಅದು ಹಿಡಿಯೋದು 41.7 ಮಿಲಿಗ್ರಾಂ ಮಾತ್ರ. ಅಚ್ಚು ತೆಗೆದು, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲೋಫೇನ್ ಮುಚ್ಚಿ ಒತ್ತಬೇಕು. ಸ್ವಲ್ಪ ಹೊತ್ತಿಗೆ ಮಲ ತಿಳಿಯಾಗಿ ಮೊಟ್ಟೆ ಕಾಣಿಸುತ್ತದೆ. ಎಣಿಸಿದ್ದನ್ನು 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಅನ್ನೋ ಲೆಕ್ಕ.

ಹುಳು ಜಾಸ್ತಿ ಇರುವ ಊರಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ತಪ್ಪಿಸಿಕೊಳ್ಳೋದು ಕಷ್ಟ. ಕೊಕ್ಕೆಹುಳುವಿನದು ಬೇರೆ ಕಥೆ. ಅದರ ಮೊಟ್ಟೆಯ ಸಿಪ್ಪೆ ತೆಳು. ಸ್ಲೈಡ್ ಮಾಡಿ ಅರ್ಧದಿಂದ ಒಂದು ಗಂಟೆಯೊಳಗೆ ನೋಡದಿದ್ದರೆ ಗ್ಲಿಸರಿನ್ ಅದನ್ನೇ ಮಾಯ ಮಾಡುತ್ತದೆ. ಕರೆಂಟ್ ಹೋಯಿತು, ಊಟಕ್ಕೆ ಎದ್ದೆವು ಅಂದರೆ ಮಗುವಿನ ಹೊಟ್ಟೆಯಲ್ಲಿ ಹುಳು ಇದ್ದರೂ ರಿಜಿಸ್ಟರಿನಲ್ಲಿ ಸೊನ್ನೆ. ಅದಕ್ಕೇ ಪ್ರತಿ ಸ್ಲೈಡಿನ ಮೇಲೆ ಮಾಡಿದ ಸಮಯ ಬರೆಯೋದು ನನ್ನ ಹಟ. ಜೊತೆಯವರು ನಗುತ್ತಾರೆ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಶುರುವಾಯಿತು. ಮಾತ್ರೆ ಕೊಟ್ಟು ಕೊಟ್ಟು ಹುಳು ಕಡಿಮೆಯಾದಷ್ಟೂ ನಮ್ಮ ಸ್ಲೈಡ್ ಕುರುಡಾಗುತ್ತದೆ. ಗ್ರಾಂಗೆ ಹತ್ತೇ ಮೊಟ್ಟೆ ಇದ್ದರೆ ಆ 41.7 ಮಿಲಿಗ್ರಾಂನಲ್ಲಿ ಒಂದು ಸಿಕ್ಕರೂ ಅದೃಷ್ಟ. ಅಂದರೆ ಮಾತ್ರೆ ನಿಲ್ಲಿಸಬಹುದೇ ಅಂತ ಕೇಳುವ ಹೊತ್ತಿಗೇ ನಮ್ಮ ಪರೀಕ್ಷೆ ಕೈಕೊಡುತ್ತದೆ. ಹುಳುವಿನಿಂದಲೇ ಬರುವ ಇನ್ನೊಂದು ರೋಗ ನಾರುಹುಣ್ಣು. ಅದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರು ಸೋಸಿ, ಮೆಟ್ಟಿಲು ಬಾವಿಗಳನ್ನು ಸರಿಪಡಿಸಿಯೇ ಅದನ್ನು ಓಡಿಸಿದರು. 2000ದಲ್ಲಿ ಭಾರತಕ್ಕೆ ಮುಕ್ತ ಅಂತ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಅಲ್ಲಿ ಹುಳು ಚರ್ಮ ಸೀಳಿಕೊಂಡು ಹೊರಗೇ ಬರುತ್ತಿತ್ತು, ಉಳಿದವರು ಯಾರು ಅಂತ ಹುಡುಕಬಹುದಿತ್ತು. ಕೊಕ್ಕೆಹುಳು ಹಾಗೆ ಮುಖ ತೋರಿಸುವುದಿಲ್ಲ ಅಲ್ವಾ?

ಸಂಶೋಧನೆಗೆ ದುಡ್ಡು ಎಲ್ಲಿ ಹಾಕಬೇಕು ಅಂತ ನನ್ನನ್ನು ಕೇಳಿದರೆ ಮೊದಲು ಇಲ್ಲಿ ಅಂತೀನಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಬಹುದಾದ, ಅಗ್ಗದ, ಕಡಿಮೆ ಸೋಂಕನ್ನೂ ಹಿಡಿಯುವ ಪರೀಕ್ಷೆ ಬೇಕು. ಹುಳುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಹಿಡಿಯುತ್ತದೆ ನಿಜ, ಆದರೆ ಅದರ ಖರ್ಚು, ಯಂತ್ರ, ತರಬೇತಿ ಎಲ್ಲ ಹಳ್ಳಿಗೆ ಬರಬೇಕಲ್ಲ.

ಔಷಧಿಯದೂ ಇದೆ. ಮಕ್ಕಳಿಗೆ ಕೊಡುವ ಆ ಮಾತ್ರೆ ಅಲ್ಬೆಂಡಜೋಲ್. ಅದರ ಒಂದೇ ಡೋಸ್ ದುಂಡುಹುಳುವಿಗೆ ಸಾಕು, ಚಾಟಿಹುಳುವಿಗೆ ಸಾಲದು. ಕುರಿಗಳಲ್ಲಿ ಇದೇ ಗುಂಪಿನ ಔಷಧಿಗೆ ಹುಳುಗಳು ಬಗ್ಗದೇ ಇರೋದು ಕುರಿ ಸಾಕುವವರಿಗೆ ಗೊತ್ತು. ಮನುಷ್ಯರಲ್ಲಿ ಹಾಗಾಗುತ್ತಿದೆಯಾ ಅಂತ ಈಗಲೇ ಕಣ್ಣಿಡಬೇಕು.

ಇನ್ನೊಂದು, ಮಾತ್ರೆ ಸಿಗೋದು 1ರಿಂದ 19 ವರ್ಷದವರಿಗೆ. ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುವ ಕೊಕ್ಕೆಹುಳು ದೊಡ್ಡವರಲ್ಲೇ ಜಾಸ್ತಿ. ಊರಿನ ಎಲ್ಲರಿಗೂ ಕೊಟ್ಟರೆ ಹರಡುವುದೇ ನಿಲ್ಲುತ್ತದಾ ಅಂತ ನೋಡಲು ತಮಿಳುನಾಡು, ಬೆನಿನ್, ಮಲಾವಿಗಳಲ್ಲಿ ಡಿವರ್ಮ್3 ಅನ್ನುವ ದೊಡ್ಡ ಪ್ರಯೋಗ ನಡೆಸಿದರು. ನಮ್ಮ ಸಮೀಕ್ಷೆಯ ಪಟ್ಟಿಯಲ್ಲಿ ಮಾತ್ರ ಇವತ್ತಿಗೂ ಬರಿಗಾಲಲ್ಲಿ ಗದ್ದೆಗೆ ಇಳಿಯುವ ಅಪ್ಪ ಅಮ್ಮಂದಿರ ಹೆಸರಿಲ್ಲ.