ಕಡಲೆಕಾಯಿ ಎಲ್ಲಿ ಬೆಳೆಯುತ್ತೆ?

ಮಕ್ಕಳ ಪುಸ್ತಕ ತರುವ ಒಂದು ಸಣ್ಣ ಪ್ರಕಾಶನದಲ್ಲಿ ನಾನು ಸಂಪಾದಕಿ. ಕರಡು ತಿದ್ದುವುದು ಅರ್ಧ ಕೆಲಸ. ಲೇಖಕರನ್ನು ಸಾಹಿತ್ಯ ಸಮ್ಮೇಳನಗಳಿಗೆ ಕರೆದುಕೊಂಡು ಹೋಗುವುದು, ಅಲ್ಲಿ ಮಳಿಗೆ ಹಾಕುವುದು, ಮಾರಾಟವಾಗದೆ ಉಳಿದ ಪುಸ್ತಕಗಳನ್ನು ಮತ್ತೆ ಬಸ್ಸಿಗೆ ಹೇರುವುದು ಇನ್ನರ್ಧ.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಉತ್ತರ ಕರ್ನಾಟಕದ ಕಡೆ ಒಂದು ಜಿಲ್ಲಾ ಸಮ್ಮೇಳನಕ್ಕೆ ಹೋಗಿದ್ದೆವು. ಮಕ್ಕಳ ಸಾಹಿತ್ಯ ಗೋಷ್ಠಿಯಲ್ಲಿ ನಮ್ಮ ಮೂವರು ಲೇಖಕರಿಗೆ ಅವಕಾಶ ಸಿಕ್ಕಿತ್ತು. ಆಮಂತ್ರಣ ಪತ್ರಿಕೆಯಲ್ಲಿ ಹಾಕಿದ್ದು 12 ಗಂಟೆಗೆ, ಒಬ್ಬೊಬ್ಬರಿಗೆ 15 ನಿಮಿಷ. ‘ಒಳ್ಳೆ ಪ್ರಬಂಧ ಬರ್ಕೊಂಡು ಬನ್ನಿ, ದೊಡ್ಡವರೆಲ್ಲ ಇರ್ತಾರೆ’ ಅಂತ ಮೂವರಿಗೂ ಹೇಳಿದವಳು ನಾನೇ. ಮೂವರೂ ಏಳೆಂಟು ಪುಟ ಬರೆದುಕೊಂಡು ಬಂದರು.

ಬೆಳಗಿನ ಮೆರವಣಿಗೆ ತಡವಾಯಿತು. ಹಾಗಾಗಿ ಉದ್ಘಾಟನೆಯೂ ತಡ. ನಮ್ಮ ಗೋಷ್ಠಿ ಶುರುವಾಗುವ ಹೊತ್ತಿಗೆ ಒಂದೂವರೆ. ಅಷ್ಟರಲ್ಲಿ ಪೆಂಡಾಲಿನ ಹಿಂದಿನಿಂದ ಗೋಧಿ ಹುಗ್ಗಿಯ ಘಮ ಬೇರೆ! ಮೊದಲು ಸನ್ಮಾನ. ಹನ್ನೊಂದು ಜನರಿಗೆ ಶಾಲು, ಹಾರ, ಸ್ಮರಣಿಕೆ, ಫೋಟೊ. ಮಾಡಲು ಬೇರೆ ಕೆಲಸ ಇರಲಿಲ್ಲ, ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಒಬ್ಬರಿಗೆ ಸುಮಾರು ಒಂದೂವರೆ ನಿಮಿಷ. ಅಲ್ಲಿಗೆ ಒಬ್ಬ ಲೇಖಕರ ಪೂರ್ತಿ ಸಮಯ ಶಾಲಿನಲ್ಲೇ ಮುಗಿಯಿತು.

ಯೂನಿಫಾರಂ ಹಾಕಿದ ಸರ್ಕಾರಿ ಶಾಲೆಯ ಮಕ್ಕಳನ್ನು ಕುರ್ಚಿ ತುಂಬಲು ಕರೆಸಿದ್ದರು. ಮುಂದಿನ ಸಾಲುಗಳು ಗಣ್ಯರಿಗೆ, ಮಕ್ಕಳು ಕಟ್ಟಕಡೆಯಲ್ಲಿ. ಮಕ್ಕಳ ಸಾಹಿತ್ಯದ ಸವಾಲುಗಳ ಬಗ್ಗೆ ವೇದಿಕೆಯಲ್ಲಿ ಪ್ರಬಂಧ ಓದುತ್ತಿದ್ದರೆ, ಮಕ್ಕಳು ಆಮಂತ್ರಣ ಪತ್ರಿಕೆ ಮಡಚಿ ವಿಮಾನ ಮಾಡುತ್ತಿದ್ದರು. ಏಳನೇ ನಿಮಿಷಕ್ಕೆ ‘ಬೇಗ ಮುಗಿಸಿ’ ಅಂತ ಚೀಟಿ ಬಂತು. ನಮ್ಮ ಎರಡನೇ ಲೇಖಕರು ನಾಲ್ಕನೇ ಪುಟದಿಂದ ನೇರ ಕೊನೆಯ ಪುಟಕ್ಕೆ ಹಾರಿದರು. ಯಾರಿಗೂ ಗೊತ್ತಾಗಲಿಲ್ಲ.

ಪಂಜೆ ಮಂಗೇಶರಾಯರು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಜಿ.ಪಿ. ರಾಜರತ್ನಂ 1978ರಲ್ಲಿ ದೆಹಲಿ ಸಮ್ಮೇಳನಕ್ಕೆ. ಮಕ್ಕಳಿಗೆ ಬರೆದವರನ್ನು ದೊಡ್ಡ ಪೀಠದಲ್ಲಿ ಕೂರಿಸಿದ ಭಾಷೆ ನಮ್ಮದು. ಆದರೂ ಮಕ್ಕಳ ಗೋಷ್ಠಿ ಮಾತ್ರ ಊಟಕ್ಕೆ ಮುಂಚಿನ ಹೊತ್ತಿಗೇ ಯಾಕೆ ಬೀಳುತ್ತೋ!

ಊಟ ಆದ ಮೇಲೆ ಮಳಿಗೆಯಲ್ಲಿ ಕೂತಿದ್ದೆ. ಹತ್ತು ಹದಿನೈದು ಮಕ್ಕಳು ಬಂದರು. ಪುಸ್ತಕ ಮುಟ್ಟಿ ನೋಡುತ್ತಾರೆ, ಹಿಂದೆ ತಿರುಗಿಸಿ ಬೆಲೆ ನೋಡುತ್ತಾರೆ, ಇಡುತ್ತಾರೆ. ನಮ್ಮಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದ್ದೇ 60 ರೂಪಾಯಿ. ಅವರ ಕೈಯಲ್ಲಿ ಹತ್ತೋ ಇಪ್ಪತ್ತೋ. ಮೂರನೇ ಲೇಖಕರು, ಮೈಸೂರು ಕಡೆಯವರು, ಪಕ್ಕದಲ್ಲೇ ಇದ್ದರು. ಅವರಿಗೆ ವೇದಿಕೆಯಲ್ಲಿ ಸಿಕ್ಕಿದ್ದು ನಾಲ್ಕೇ ನಿಮಿಷ. ‘ಬನ್ರೋ, ಕೊಳ್ಳೋದು ಬೇಡ, ಕೂತ್ಕೊಳ್ಳಿ’ ಅಂತ ಜಮಖಾನ ಹಾಸಿ ತಮ್ಮ ಕಥೆ ಓದಲು ಶುರು ಮಾಡಿದರು. ಒಂದು ಇಲಿ ಕಡಲೆಕಾಯಿಗಾಗಿ ರಾತ್ರಿಯೆಲ್ಲಾ ಹೊಲ ಅಗೆಯುವ ಕಥೆ. ಮಕ್ಕಳಿಗೆ ಇಲಿ ಹಿಡಿಸಿತು. ಎರಡನೇ ಪುಟಕ್ಕೆ ಒಬ್ಬ ಹುಡುಗಿ ಕೈ ಎತ್ತಿದಳು.

‘ಸರ, ಕಡ್ಲಿ ಮಣ್ಣಾಗ ಇರಂಗಿಲ್ರಿ. ಗಿಡದ ಮ್ಯಾಲ ಇರ್ತಾವು.’

ಲೇಖಕರು ನನ್ನ ಮುಖ ನೋಡಿದರು. ನಾನು ಚಿತ್ರ ನೋಡಿದೆ. ಚಿತ್ರ ಕಪ್ಪು ಬಿಳುಪಿನದು, ಬೇರಿನಲ್ಲಿ ಏನೋ ಉಂಡೆ ಉಂಡೆ. ಆ ಕಡೆ ನಮ್ಮ ಕಡಲೆಕಾಯಿಗೆ ಶೇಂಗಾ ಅಂತಾರೆ. ಕಡ್ಲಿ ಅಂದರೆ ಕಡಲೆಕಾಳು, ಎರೆ ಹೊಲದ ಹಿಂಗಾರಿ ಬೆಳೆ. ಜನವರಿಯಲ್ಲಿ ಅದು ಹೊಲದಲ್ಲೇ ಇರುತ್ತೆ, ಆ ಹುಡುಗಿ ಶಾಲೆಗೆ ಹೋಗುವ ದಾರಿಯಲ್ಲಿ ದಿನಾ ಕಿತ್ತು ತಿನ್ನುತ್ತಾಳೋ ಏನೋ. ಅವಳ ಲೆಕ್ಕದಲ್ಲಿ ನಮ್ಮ ಇಲಿ ಶುದ್ಧ ದಡ್ಡ. ಗಿಡದ ಮೇಲೆ ಇರುವುದನ್ನು ಬಿಟ್ಟು ಬೇರು ಅಗೆಯುತ್ತಿದೆ!

ಆ ಕರಡನ್ನು ನಾನು ನಾಲ್ಕು ಸಲ ಓದಿದ್ದೆ. ಒತ್ತಕ್ಷರ, ಅಲ್ಪವಿರಾಮ, ಎಲ್ಲ ಹಿಡಿದಿದ್ದೆ. ಇದು ಕಣ್ಣಿಗೇ ಬಿದ್ದಿರಲಿಲ್ಲ, ಯಾಕೆಂದರೆ ನಾನೂ ಮೈಸೂರು ಕಡೆಯವಳೇ.

ಲೇಖಕರು ಅಲ್ಲೇ ಸರಿ ಮಾಡಿಕೊಂಡರು. ‘ಶೇಂಗಾ ಅಂತ ಓದ್ತೀನಿ, ಆಯ್ತಾ?’ ಅಂದರು. ಆಮೇಲೆ ಸರಾಗ. ಇಲಿ ಬಿಲದ ಬಾಯಿ ಹುಡುಕುವಾಗ ಹಿಂದೆ ನಿಂತಿದ್ದ ಹುಡುಗನೊಬ್ಬ ‘ಎಡಕ್ಕ, ಎಡಕ್ಕ!’ ಅಂತ ಕೂಗಿಯೇ ಬಿಟ್ಟ.

ಊರಿಗೆ ಬಂದ ಮೇಲೆ ಕೆಲವು ಬದಲಾವಣೆ ಮಾಡಿಕೊಂಡೆ. ಈಗ ಯಾವ ಕಥೆಯೂ ಅಚ್ಚಿಗೆ ಹೋಗುವ ಮುಂಚೆ ಬೇರೆ ಸೀಮೆಯ ಇಬ್ಬರು ಮೇಷ್ಟ್ರಿಗೆ ಹೋಗುತ್ತೆ. ಅವರು ತರಗತಿಯಲ್ಲಿ ಓದಿ, ಮಕ್ಕಳು ತಡೆದ ಜಾಗಕ್ಕೆ ಗೆರೆ ಹಾಕಿ ಕಳಿಸುತ್ತಾರೆ. ಊರಿನ ಮಾತನ್ನೆಲ್ಲ ತೆಗೆದು ಸಪ್ಪೆ ಮಾಡುವುದಿಲ್ಲ, ಅದು ಇನ್ನೂ ಕೆಟ್ಟದ್ದು. ಚಿತ್ರ ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳುತ್ತೇವೆ, ಅಷ್ಟೇ. ಎಂಟು ಪುಟದ ಪುಟ್ಟ ಪುಸ್ತಕಗಳನ್ನು 15 ರೂಪಾಯಿಗೆ ತಂದಿದ್ದೇವೆ. ಲಾಭ ಏನೂ ಇಲ್ಲ. ಚಿತ್ರಪುಸ್ತಕ ಎತ್ತಿ ಹಿಡಿದರೆ ಮೂರನೇ ಸಾಲಿನ ಆಚೆ ಕಾಣುವುದಿಲ್ಲ, ಅದಕ್ಕೆ ನಾಲ್ಕು ಚಿತ್ರಗಳ ಫ್ಲೆಕ್ಸ್ ಮಾಡಿಸಿ ಸುರುಳಿ ಸುತ್ತಿ ಜೊತೆಗೇ ಒಯ್ಯುತ್ತೇನೆ. ಲೇಖಕರಿಗೆ ಪ್ರಬಂಧ ಬರೆಯಲು ಹೇಳುವುದನ್ನು ಪೂರ್ತಿ ಬಿಟ್ಟೆ.

ಈ ವರ್ಷ ಅದೇ ಕಡೆಯಿಂದ ಮತ್ತೆ ಕರೆ ಬಂತು. ಗೋಷ್ಠಿ ಊಟದ ನಂತರ ಇರಲಿ, ಮಕ್ಕಳು ಮುಂದೆ ಜಮಖಾನದ ಮೇಲೆ ಕೂರಲಿ, ಸನ್ಮಾನ ಬೇಡ ಅಂತ ಕೇಳಿಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಮೊದಲಿನ ಎರಡೂ ಮಾಡೋಣ್ರಿ ಮೇಡಂ’ ಅಂದರು. ‘ಶಾಲು ಮಾತ್ರ ಆಗ್ಲೇ ತಂದೇವಿ.’